ಫ್ಯಾಷನ್ ಶೋಗೆ ಹೋಗದೆ ರನ್‌ವೇ ಕಲೆಕ್ಷನ್‌ಗೆ ವಿಮರ್ಶೆ ಬರೆಯಬಹುದೇ?

ನಿಮ್ಮದು ಎರಡು ಪ್ರಶ್ನೆ. ಆಹ್ವಾನವೇ ಇಲ್ಲದವರು ಬರೀ ಫೋಟೊ, ವಿಡಿಯೊ ನೋಡಿ ಡಿಸೈನರ್‌ಗಳ ಕಲೆಕ್ಷನ್ (ಒಂದು ಸೀಸನ್ನಿಗೆ ಅವರು ಮಾಡುವ ಬಟ್ಟೆಗಳ ಗುಚ್ಛ) ಬಗ್ಗೆ ಬರೆಯಬಹುದೇ ಅನ್ನೋದು ಒಂದು. ‘ಇದನ್ನೆಲ್ಲ ಯಾರು ಹಾಕ್ಕೋತಾರೆ’ ಅನ್ನೋ ಮಾತು ಬಿಟ್ಟರೆ ಬರೆಯೋಕೆ ಏನಿದೆ ಅನ್ನೋದು ಇನ್ನೊಂದು. ಮೊದಲನೆಯದಕ್ಕೆ ನನ್ನ ಉತ್ತರ ‘ಧಾರಾಳವಾಗಿ’. ಏಳೆಂಟು ವರ್ಷದಿಂದ ನಾನು ಹಾಗೇ ಬರೀತಿದ್ದೇನೆ. ಮುಂದಿನ ಸಾಲಿನ ಕುರ್ಚಿ ಹಾಗಿರಲಿ, ಹಿಂದೆ ನಿಂತು ನೋಡೋ ಜಾಗವೂ ನನಗೆ ಸಿಕ್ಕಿದ್ದಿಲ್ಲ.

ಆದರೆ ಫೋಟೊ ಏನನ್ನು ಮುಚ್ಚಿಡುತ್ತೆ ಅಂತ ಗೊತ್ತಿರಬೇಕು. ಒಂದು ಶೋ ಸಾಮಾನ್ಯವಾಗಿ 10-15 ನಿಮಿಷ, ಅದರಲ್ಲಿ 30ರಿಂದ 60 ಲುಕ್, ಅಂದರೆ ಮಾಡೆಲ್‌ಗಳು ತೊಟ್ಟು ಬರುವ ಒಂದೊಂದು ಪೂರ್ತಿ ಉಡುಪು. ನಮ್ಮ ಕೈಗೆ ಸಿಗುವ ಚಿತ್ರಗಳು ಬಹುಪಾಲು ಎದುರಿನಿಂದ ತೆಗೆದವು. ಶುರುವಿನಲ್ಲಿ ನಾನೊಂದು ಕಪ್ಪು ಕೋಟನ್ನು ‘ಬಿಗಿಯಾದ, ಮಾತೇ ಆಡದ ಕೋಟು’ ಅಂತ ಹೊಗಳಿ ಬರೆದಿದ್ದೆ. ಆಮೇಲೆ ವಿಡಿಯೊ ನೋಡಿದರೆ ಅದರ ಬೆನ್ನಲ್ಲಿ ಕತ್ತಿನಿಂದ ಅಂಚಿನವರೆಗೆ ನೆರಿಗೆ. ಹೆಜ್ಜೆ ಹಾಕಿದಾಗಲೆಲ್ಲ ಅದು ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುತ್ತಿತ್ತು. ಆ ಕೋಟು ಹೇಳಬೇಕಾದ್ದನ್ನೆಲ್ಲ ಬೆನ್ನಿನಲ್ಲೇ ಹೇಳಿತ್ತು, ನಾನು ಎದೆ ನೋಡಿ ತೀರ್ಪು ಕೊಟ್ಟಿದ್ದೆ. ಅಂದಿನಿಂದ ವಿಡಿಯೊ ನೋಡದೆ ಒಂದು ಸಾಲೂ ಬರೆದಿಲ್ಲ.

ವಿಡಿಯೊವನ್ನೂ ಎರಡು ಸಲ ನೋಡಿ, ಎರಡನೇ ಸಲ ಸದ್ದು ಪೂರ್ತಿ ಆರಿಸಿ. ಹಾಡು, ದೀಪ, ವೇದಿಕೆ ಎಲ್ಲ ಸೇರಿ ಸಾಧಾರಣ ಬಟ್ಟೆ ಕಂಡರೂ ಮೈ ಜುಮ್ಮೆನ್ನುವ ಹಾಗೆ ಮಾಡಿಬಿಡುತ್ತವೆ. ಅಬ್ಬರವೆಲ್ಲ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಬ್ರಿಟಿಷ್ ಡಿಸೈನರ್ ಅಲೆಕ್ಸಾಂಡರ್ ಮೆಕ್‌ಕ್ವೀನ್ 1998ರ ಸೆಪ್ಟೆಂಬರಿನಲ್ಲಿ ಲಂಡನ್ನಿನಲ್ಲಿ ತೋರಿಸಿದ ‘ನಂ. 13’ ಅನ್ನೋ ಕಲೆಕ್ಷನ್ ತಗೊಳ್ಳಿ. ಕೊನೆಯಲ್ಲಿ ಮಾಡೆಲ್ ಶಾಲೊಮ್ ಹಾರ್ಲೊ ಬಿಳಿ ಉಡುಪಿನಲ್ಲಿ ತಿರುಗುವ ಹಲಗೆಯ ಮೇಲೆ ನಿಂತಿರುತ್ತಾಳೆ, ಎರಡು ರೋಬೊಗಳು ಅವಳ ಮೇಲೆ ಬಣ್ಣ ಎರಚುತ್ತವೆ. ಎಲ್ಲರಿಗೂ ನೆನಪಿರೋದು ಅಷ್ಟೇ. ಆದರೆ ಅದೇ ಶೋದಲ್ಲಿ ಎರಡೂ ಕಾಲಿಲ್ಲದ ಅಥ್ಲೀಟ್ ಏಮಿ ಮುಲ್ಲಿನ್ಸ್ ಮರದಲ್ಲಿ ಕೆತ್ತಿದ ಕೃತಕ ಕಾಲುಗಳ ಮೇಲೆ ನಡೆದಿದ್ದಳು, ಮರದಿಂದಲೇ ಮಾಡಿದ ಸ್ಕರ್ಟ್ ಕೂಡ ಇತ್ತು. ಮೆಕ್‌ಕ್ವೀನ್ ಕೈಕೆಲಸವನ್ನು ಅಷ್ಟು ಹೊತ್ತು ತೋರಿಸಿ, ಕಟ್ಟಕಡೆಗೆ ಬಟ್ಟೆಯನ್ನು ಯಂತ್ರದ ಕೈಗೆ ಕೊಟ್ಟ. ಮೊದಲಿನದನ್ನು ನೋಡದವರಿಗೆ ಆ ರೋಬೊ ಬರೀ ಸರ್ಕಸ್. 2022ರಲ್ಲಿ ಕೊಪೆರ್ನಿ ಅನ್ನೋ ಬ್ರ್ಯಾಂಡ್ ಪ್ಯಾರಿಸ್‌ನಲ್ಲಿ ಮಾಡೆಲ್ ಬೆಲ್ಲಾ ಹದೀದ್ ಮೈಮೇಲೆ ದ್ರವ ಸಿಂಪಡಿಸಿ ಅಲ್ಲೇ ಉಡುಪು ಮೂಡಿಸಿತಲ್ಲ, ಅದನ್ನು ಇದರ ಪಕ್ಕ ಇಟ್ಟು ನೋಡಿ. ತಂತ್ರಜ್ಞಾನ ಬೆರಗು ಹುಟ್ಟಿಸುವಂಥದ್ದೇ. ಆದರೆ ಅದಕ್ಕೂ ಮುಂಚೆ ನಡೆದುಹೋದ ಲುಕ್‌ಗಳಿಗೂ ಆ ಕೊನೆಗೂ ಕೊಂಡಿ ನನಗಂತೂ ಕಾಣಲಿಲ್ಲ. ಇಂಥ ಕೊಂಡಿ ಹುಡುಕೋದೇ ವಿಮರ್ಶಕರ ಕೆಲಸ ಅಂತ ನನ್ನ ಎಣಿಕೆ. ಮೊದಲ ಲುಕ್ಕೂ ಕೊನೆಯ ಲುಕ್ಕೂ ಎಲ್ಲರ ಕಣ್ಣಿಗೆ ಬೀಳುತ್ತವೆ. ಡಿಸೈನರ್ ಹತ್ತಿರ ನಿಜವಾಗಿ ಹೇಳೋಕೆ ಏನಾದರೂ ಇದೆಯಾ ಅಂತ ಗೊತ್ತಾಗೋದು ನಡುವಿನ ಇಪ್ಪತ್ತು ಲುಕ್‌ಗಳಲ್ಲಿ.

ಸ್ವಲ್ಪ ಹೊಲಿಗೆ ಕಲಿಯಿರಿ. ಹಳೇ ಶರ್ಟೊಂದರ ಹೊಲಿಗೆ ಬಿಚ್ಚಿ ನೆಲದ ಮೇಲೆ ಹಾಸಿ. ತೋಳಿನ ಮೇಲ್ತುದಿ ಗಂಟೆಯ ಆಕಾರದಲ್ಲಿ ಯಾಕಿದೆ ಅಂತ ಒಮ್ಮೆ ತಿಳಿದರೆ, ಭುಜ ಸರಿಯಾಗಿ ಕೂತಿದೆಯೋ ಇಲ್ಲವೋ ಫೋಟೊದಲ್ಲೇ ಕಾಣತೊಡಗುತ್ತೆ. ಬಟ್ಟೆಯನ್ನು ನೇರವಾಗಿ ಕತ್ತರಿಸದೆ ಓರೆಯಾಗಿ ಕತ್ತರಿಸಿದರೆ ಅದು ಹಿಗ್ಗಿ ಮೈಯ ಮೇಲೆ ನೀರು ಹರಿದ ಹಾಗೆ ಬೀಳುತ್ತೆ. ಫ್ರೆಂಚ್ ಡಿಸೈನರ್ ಮದ್ಲೆನ್ ವಿಯೊನ್ನೆ ಹೆಸರಾದದ್ದೇ ಆ ಕಟಿಂಗ್‌ನಿಂದ. ಇದು ಗೊತ್ತಿದ್ದರೆ ‘ಸೊಗಸಾಗಿದೆ’ ಅನ್ನೋ ಸವಕಲು ಮಾತಿಗೆ ನೀವು ಕೈ ಹಾಕೋದಿಲ್ಲ.

ಇನ್ನು ‘ಯಾರು ಹಾಕ್ಕೋತಾರೆ’. ರೆಡಿ-ಟು-ವೇರ್ ನೋಡುವಾಗ ಅದು ನ್ಯಾಯವಾದ ಪ್ರಶ್ನೆಯೇ, ಅಂಗಡಿಗೆ ಬರೋ ಬಟ್ಟೆ ತಾನೇ. ಜನವರಿ, ಜುಲೈನಲ್ಲಿ ನಡೆಯುವ ಓಟ್ ಕುಟ್ಯೂರ್ ಒಬ್ಬೊಬ್ಬರ ಅಳತೆಗೆ ಹೊಲಿಯುವಂಥದ್ದು, ಅದರ ಲೆಕ್ಕವೇ ಬೇರೆ. ಕೆಲವು ಸಲ ಮಾತ್ರ ಆ ಪ್ರಶ್ನೆಯೇ ಕೈಕೊಡುತ್ತೆ. ಕೊಮ್ ದೆ ಗಾರ್ಸೋನ್ ಬ್ರ್ಯಾಂಡಿನ ಜಪಾನಿ ಡಿಸೈನರ್ ರೇ ಕವಾಕುಬೊ 1997ರ ಬೇಸಿಗೆ ಕಲೆಕ್ಷನ್ನಿನಲ್ಲಿ ಬೆನ್ನು, ಸೊಂಟದ ಹತ್ತಿರ ದಿಂಬು ಸೇರಿಸಿ ಮೈಯನ್ನೇ ಗಂಟುಗಂಟಾಗಿಸಿದಳು. ನೋಡಿದವರು ಮುಖ ಸಿಂಡರಿಸಿದರು. ಅದೇ ವರ್ಷ ಅಮೆರಿಕದ ನೃತ್ಯ ಸಂಯೋಜಕ ಮರ್ಸ್ ಕನಿಂಗ್‌ಹ್ಯಾಮ್‌ನ ನೃತ್ಯಕ್ಕೆ ಅವಳು ಅದೇ ಬಗೆಯ ಉಡುಪು ಮಾಡಿಕೊಟ್ಟಳು. ಅಲ್ಲಿ ಕೇಳಬೇಕಾದ್ದು, ಮೈ ಎಲ್ಲಿ ಮುಗಿದು ಬಟ್ಟೆ ಎಲ್ಲಿ ಶುರುವಾಗುತ್ತೆ ಅಂತ.

ತಪ್ಪಾದರೆ ಅನ್ನೋ ಭಯ ಬೇಡ, ಆಗೇ ಆಗುತ್ತೆ. 1971ರ ಜನವರಿಯಲ್ಲಿ ಪ್ಯಾರಿಸ್ಸಿನ ಡಿಸೈನರ್ ಈವ್ ಸ್ಯಾಂ ಲೊರಾಂ 1940ರ ದಶಕದ ಉಬ್ಬಿದ ಭುಜ, ಗಿಡ್ಡ ಸ್ಕರ್ಟು, ದಪ್ಪ ಅಟ್ಟೆಯ ಚಪ್ಪಲಿ ವಾಪಸ್ ತಂದಾಗ ಪತ್ರಿಕೆಗಳು ಉರಿದುಬಿದ್ದವು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರ ವಶದಲ್ಲಿದ್ದ ಪ್ಯಾರಿಸನ್ನು ಕಂಡವರಿಗೆ ಅದು ಹಳೇ ಗಾಯ. ಆದರೆ ಯುದ್ಧ ಕಾಣದ ಹುಡುಗಿಯರಿಗೆ ಅದೊಂದು ಚಂದದ ಆಕಾರ ಅಷ್ಟೇ, ಬೀದಿಯಲ್ಲಿ ಗೆದ್ದದ್ದು ಅದೇ. ವಿಮರ್ಶಕರು ಬಟ್ಟೆಯನ್ನು ತಪ್ಪಾಗಿ ಓದಿರಲಿಲ್ಲ, ಅದನ್ನು ತೊಡುವವರು ಬದಲಾಗಿದ್ದು ಅವರ ಲೆಕ್ಕಕ್ಕೆ ಬಂದಿರಲಿಲ್ಲ. ಹಾಗಾಗಿ ನಾನು ಕಂಡದ್ದನ್ನು ಅದೇ ದಿನ ಬರೆದಿಡುತ್ತೇನೆ, ಹಿಡಿಸಿತೋ ಇಲ್ಲವೋ ಅನ್ನೋದನ್ನು ಎರಡು ದಿನ ಬಿಟ್ಟು ಸೇರಿಸುತ್ತೇನೆ.

ಮೊದಲ ವಿಮರ್ಶೆಗೆ ಈ ಸೀಸನ್ನಿನ ಕಲೆಕ್ಷನ್ ಬೇಡ, ಬೇರೆಯವರ ಅಭಿಪ್ರಾಯ ಕಿವಿಗೆ ಬಿದ್ದುಬಿಟ್ಟಿರುತ್ತೆ. ‘ನಂ. 13’ ವಿಡಿಯೊ ಹುಡುಕಿ, ಸದ್ದು ಆರಿಸಿ, ರೋಬೊಗಳು ಬರೋದಕ್ಕೆ ಮುಂಚೆಯೇ ನಿಲ್ಲಿಸಿ, ಅಲ್ಲಿವರೆಗೆ ಕಂಡದ್ದನ್ನು ಒಂದು ಪುಟ ಬರೆಯಿರಿ. ಆಮೇಲೆ ಕೊನೆಯ ಆ ಕೆಲವು ನಿಮಿಷ ನೋಡಿ.