‘ನಂಗೆ ಡ್ರಾಯಿಂಗ್ ಬರಲ್ಲ’ ಅನ್ನುವ ಏಳನೇ ತರಗತಿ ಮಕ್ಕಳಿಗೆ ಹೇಗೆ ಕಲಿಸುವುದು?

ಚಿಕ್ಕವರಿದ್ದಾಗ ಖುಷಿಯಾಗಿ ಬಿಡಿಸುತ್ತಿದ್ದ ಮಕ್ಕಳು ಈಗ ಬರೀ ರಬ್ಬರ್ ಉಜ್ಜುತ್ತಾ ಕೂರುತ್ತಾರೆ, ಏನು ಮಾಡಲಿ ಅಂತ ಕೇಳಿದ್ದೀರಿ. ನಾನೂ ಇದೇ ವಯಸ್ಸಿನವರಿಗೆ ಚಿತ್ರಕಲೆ ಕಲಿಸುತ್ತೇನೆ. ಇದು ಸೋಮಾರಿತನ ಅಲ್ಲ. 11–12ರ ಹೊತ್ತಿಗೆ ಚಿತ್ರ ನಿಜದ ಹಾಗೇ ಕಾಣಬೇಕು ಅನ್ನುವ ಹಟ ಶುರುವಾಗುತ್ತದೆ. ಕೈ ಇನ್ನೂ ಅಷ್ಟು ಪಳಗಿರುವುದಿಲ್ಲ. ಸುಮ್ನೆ ‘ಚೆನ್ನಾಗಿದೆ ಪುಟ್ಟಾ’ ಅಂದರೆ ನಂಬುವುದಿಲ್ಲ. ಚೆನ್ನಾಗಿಲ್ಲ ಅಂತ ಅವರಿಗೇ ಗೊತ್ತು, ಅಲ್ವಾ?

ಹೊಗಳಿಕೆ ಪಕ್ಕಕ್ಕಿಟ್ಟು ನೋಡುವುದನ್ನು ಕಲಿಸಿ. ಮುಖ ಬಿಡಿಸಿ ಅಂದರೆ ಸುಮಾರು ಮಕ್ಕಳು ಕಣ್ಣನ್ನು ಹಣೆಯ ಜಾಗದಲ್ಲಿ ಕೂರಿಸುತ್ತಾರೆ. ಹಣೆಯಲ್ಲಿ ಬಿಡಿಸಲು ಏನೂ ಇಲ್ಲವಲ್ಲ, ಅದಕ್ಕೇ ಅದು ಕುಗ್ಗಿಹೋಗುತ್ತದೆ. ಎದುರು ಕೂತವರ ಮುಖವನ್ನು ದೂರದಿಂದಲೇ, ಪೆನ್ಸಿಲ್ ಅಡ್ಡ ಹಿಡಿದು ಹೆಬ್ಬೆರಳಿನಿಂದ ಗುರುತಿಟ್ಟು ಅಳೆಯಲು ಹೇಳಿ. ಕೈ ಪೂರ್ತಿ ಚಾಚಿರಬೇಕು, ಒಂದು ಕಣ್ಣು ಮುಚ್ಚಿರಬೇಕು. ಮೊಣಕೈ ಬಾಗಿದರೆ ಅಳತೆ ಕೆಟ್ಟಿತು. ನೆತ್ತಿಯಿಂದ ಕಣ್ಣಿಗೆ ಎಷ್ಟು, ಕಣ್ಣಿನಿಂದ ಗದ್ದಕ್ಕೆ ಎಷ್ಟು? ಹೆಚ್ಚುಕಡಿಮೆ ಸಮ. ‘ಸುಳ್ಳು ಸರ್!’ ಅಂತ ಒಬ್ಬರಾದರೂ ಮತ್ತೆ ಅಳೆಯುತ್ತಾರೆ. ಅಳೆಯಲಿ ಬಿಡಿ.

ಚಿತ್ರವನ್ನು ತಲೆಕೆಳಗಾಗಿ ಇಟ್ಟು ನೋಡಿ ಬಿಡಿಸುವುದು ನನಗೆ ಇನ್ನೂ ಇಷ್ಟ. 1979ರಲ್ಲಿ ಅಮೆರಿಕದ ಶಿಕ್ಷಕಿ ಬೆಟ್ಟಿ ಎಡ್ವರ್ಡ್ಸ್ ಇದನ್ನು ಜನಪ್ರಿಯ ಮಾಡಿದರು. ಪಿಕಾಸೊ 1920ರಲ್ಲಿ ಬರೀ ಗೆರೆಗಳಲ್ಲಿ ಬಿಡಿಸಿದ ಸಂಗೀತಗಾರ ಸ್ಟ್ರಾವಿನ್‌ಸ್ಕಿಯ ಚಿತ್ರವನ್ನೇ ಅವರು ಬಳಸಿದ್ದು. ಚಿತ್ರ ಬಿಡಿಸುವುದು ಬಲಮೆದುಳಿನ ಕೆಲಸ, ಎಡಮೆದುಳಿನದಲ್ಲ ಅಂತ ಅವರು ಕೊಟ್ಟ ಕಾರಣವನ್ನು ವಿಜ್ಞಾನ ಅಷ್ಟು ಸಲೀಸಾಗಿ ಒಪ್ಪುವುದಿಲ್ಲ. ಆದರೆ ಅಭ್ಯಾಸ ಮಾತ್ರ ಫಲ ಕೊಡುತ್ತದೆ. ಇದು ಬೆರಳು, ಇದು ಕನ್ನಡಕ ಅಂತ ಹೊಳೆಯದಿದ್ದಾಗ ಮಗು ಗೆರೆಯನ್ನೇ ನೋಡುತ್ತದೆ: ಎಲ್ಲಿ ಬಾಗಿದೆ, ಹಾಳೆಯ ಅಂಚಿಗೆ ಎಷ್ಟು ದೂರ. ಪೂರ್ತಿ ಮುಗಿಯುವ ತನಕ ಹಾಳೆ ತಿರುಗಿಸಲು ಬಿಡಬೇಡಿ.

ರಬ್ಬರ್ ಕಿತ್ತುಕೊಳ್ಳಬೇಡಿ, ರಗಳೆ ಜಾಸ್ತಿಯಾಗುತ್ತದೆ. ಬದಲಿಗೆ ಬಾಲ್‌ಪೆನ್ ಕೊಡಿ. ಅಳಿಸಲು ಆಗದಿದ್ದರೆ ತಪ್ಪು ಗೆರೆಯ ಪಕ್ಕದಲ್ಲೇ ಸರಿ ಗೆರೆ ಬೀಳುತ್ತದೆ. ಶೇಡಿಂಗ್‌ಗೆ ಮಾಮೂಲಿ ಎಚ್‌ಬಿ ಪೆನ್ಸಿಲ್ ಒಂದೇ ಸಾಲದು, ಅದಕ್ಕಿಂತ ಮೆತ್ತಗೆ, ಕಪ್ಪಾಗಿ ಬರೆಯುವ ಒಂದು 4ಬಿ ಅಥವಾ 6ಬಿ ಇರಲಿ.

ಮಗುವಿನ ಹಾಳೆಯ ಮೇಲೆ ಮಾತ್ರ ನೀವು ಗೆರೆ ಎಳೆಯಬೇಡಿ. ತೋರಿಸಲೇಬೇಕಾದರೆ ಬೇರೆ ಕಾಗದದಲ್ಲಿ ತೋರಿಸಿ.

ಇನ್ನು ಸದಾ ಅನಿಮೆ (ಜಪಾನಿ ಕಾರ್ಟೂನ್) ಪಾತ್ರಗಳನ್ನೇ ಬಿಡಿಸುವವರು ಇದ್ದೇ ಇರುತ್ತಾರೆ. ಬೈಯಬೇಡಿ. ಅಂಥವರು ಪಾತ್ರದ ಕೈಯನ್ನು ಬೆನ್ನ ಹಿಂದೆ ಅಥವಾ ಜೇಬಿನಲ್ಲಿ ಬಚ್ಚಿಡುವುದು ಜಾಸ್ತಿ. ಆ ಕೈ ಹೊರಗೆ ತೆಗೆಸಿ, ತಮ್ಮ ಎಡಗೈ ನೋಡಿಕೊಂಡು ಬಿಡಿಸಲು ಹೇಳಿ.