ಹಾಡು, ಅಭಿನಯ, ಮಣ್ಣಿನ ಕೆಲಸ: ಒಂದನೆಯ ತರಗತಿಗೆ ಇಷ್ಟು ಸಾಕೆ?

ಪ್ರಶ್ನೆ: ನನ್ನ ಮಗಳು ಕನ್ನಡ ಮಾಧ್ಯಮ ಶಾಲೆಯ ಒಂದನೆಯ ತರಗತಿಯಲ್ಲಿದ್ದಾಳೆ. ಮನೆಯಲ್ಲಿ ನಾವು ಆಡುವುದು ತುಳು, ಅವಳು ನೆರೆಮನೆಯ ಮಕ್ಕಳೊಂದಿಗೆ ಆಡುವುದು ಮಲಯಾಳ. ಟೀಚರು ಹೆಚ್ಚು ಹೊತ್ತು ಹಾಡಿಸುತ್ತಾರೆ, ಕುಣಿಸುತ್ತಾರೆ, ಮಣ್ಣಿನಲ್ಲಿ ಏನಾದರೂ ಮಾಡಿಸುತ್ತಾರೆ. ಇಂಗ್ಲಿಷ್ ಮಾಧ್ಯಮದಲ್ಲಿರುವ ಅದೇ ಪ್ರಾಯದ ಮಕ್ಕಳು ಪುಟಗಟ್ಟಲೆ ಬರೆಯುತ್ತಿದ್ದಾರೆ. ಇವಳು ಹಿಂದೆ ಬೀಳುವುದಿಲ್ಲವೆ?
– ಒಬ್ಬ ತಾಯಿ, ಬದಿಯಡ್ಕ (ಕಾಸರಗೋಡು ಜಿಲ್ಲೆ)

ಉತ್ತರ: ಬೀಳುವುದಿಲ್ಲ. ಟೀಚರು ಮಾಡಿಸುತ್ತಿರುವುದು ಪಾಠವನ್ನೇ. ಮೂರರಿಂದ ಎಂಟು ವರ್ಷದವರೆಗಿನದು ಬುನಾದಿಯ ಹಂತವೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಗುರುತಿಸಿದೆ. ಆ ಹಂತಕ್ಕಾಗಿ 2022ರಲ್ಲಿ ಬಂದ ಪಠ್ಯಕ್ರಮ ಚೌಕಟ್ಟು ಆಟ, ಕಥೆ, ಹಾಡು, ಕಲೆಗಳ ಮೂಲಕವೇ ಕಲಿಸಬೇಕೆನ್ನುತ್ತದೆ. ನಮ್ಮ ನೆರೆಯ ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿದ್ದು ಇದಕ್ಕಿಂತ ಎಷ್ಟೋ ದಶಕ ಮೊದಲು.

ಅಡಕೆ ಹಾಳೆಯಿಂದ ಕಿರೀಟ ಮಾಡಿಸುವ ಒಂದು ತರಗತಿಯನ್ನು ಊಹಿಸಿಕೊಳ್ಳಿ. ಒಣ ಹಾಳೆಯನ್ನು ಹಾಗೆಯೇ ಬಗ್ಗಿಸಿದರೆ ಸೀಳುತ್ತದೆ, ನೆನೆಸಿದರೆ ಬಾಗುತ್ತದೆ ಎಂಬುದನ್ನು ಮಗು ಕೈಯಾರೆ ತಿಳಿಯುತ್ತದೆ. ಗೆಳತಿಯ ತಲೆಗೆ ನೂಲು ಸುತ್ತಿ ಅಳತೆ ತೆಗೆಯುವಾಗ ಉದ್ದ, ಗಿಡ್ಡ, ಸಮ ಎಂಬ ಮಾತುಗಳಿಗೆ ಅರ್ಥ ಬರುತ್ತದೆ. ಕಿರೀಟ ಧರಿಸಿ ಯಕ್ಷಗಾನದ ಏಳು ಎಣಿಕೆಯ ತ್ರಿವುಡೆ ತಾಳಕ್ಕೆ ಕೈ ತಟ್ಟುವಾಗ, ಏಳು ಎಂದರೆ ಮೂರು, ಎರಡು, ಮತ್ತೆ ಎರಡು ಎಂಬ ಲೆಕ್ಕ ಬಾಯಿಪಾಠವಿಲ್ಲದೆ ಮೈಗೆ ಹತ್ತುತ್ತದೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಾದ ಕುಂಬಳೆಯ ಆಸುಪಾಸಿನ ಮಕ್ಕಳಿಗೆ ಚೆಂಡೆ, ಜಾಗಟೆ ಹೊಸತಲ್ಲ. ಕಿವಿಗೆ ಪರಿಚಿತವಾದುದರಿಂದ ಪಾಠ ಆರಂಭವಾಗುವುದು ದೊಡ್ಡ ಅನುಕೂಲ. ಇನ್ನು ಮಣ್ಣು ನಾದುವ ಬೆರಳುಗಳಿಗೇ ಮುಂದೆ ಪೆನ್ಸಿಲ್ ಹಿಡಿಯುವ ಬಲ ಬರುವುದು.

ಮೂರು ಭಾಷೆಗಳ ನಡುವೆ ಬೆಳೆಯುವ ನಿಮ್ಮ ಮಗಳಿಗೆ ಅಭಿನಯದ ಉಪಯೋಗ ಇನ್ನೂ ಹೆಚ್ಚು. ಕನ್ನಡದ ಪದ ಗೊತ್ತಿಲ್ಲದಿದ್ದರೂ ಟೀಚರ ಕೈ, ಕಣ್ಣು, ದನಿಯಿಂದ ಅರ್ಥ ಮೊದಲು ತಲುಪುತ್ತದೆ, ಪದ ಅದರ ಹಿಂದೆ ಬರುತ್ತದೆ. ಅರ್ಥವಾಗದ ಭಾಷೆಯಲ್ಲಿ ಪುಟಗಟ್ಟಲೆ ನಕಲು ಬರೆಯುವುದನ್ನು ನಾನು ಮುನ್ನಡೆ ಎಂದು ಒಪ್ಪಲಾರೆ.

ಆದರೆ ಕಲೆಯ ಹೆಸರಿನಲ್ಲಿ ನಡೆಯುವುದೆಲ್ಲ ಕಲಿಕೆಯೂ ಅಲ್ಲ. ಟೀಚರು ಬರೆದುಕೊಟ್ಟ ಒಂದೇ ಚಿತ್ರಕ್ಕೆ ಎಲ್ಲರೂ ಒಂದೇ ಬಣ್ಣ ತುಂಬುತ್ತಿದ್ದರೆ, ಶಾಲಾ ಕಲೋತ್ಸವದ ಬಹುಮಾನಕ್ಕಾಗಿ ನಾಲ್ಕು ಮಕ್ಕಳನ್ನಷ್ಟೇ ಕುಣಿಸಿ ಉಳಿದವರನ್ನು ಕೂರಿಸಿದ್ದರೆ, ಆಗ ಪ್ರಶ್ನಿಸುವ ಹಕ್ಕು ನಿಮಗಿದೆ.

ಮನೆಯಲ್ಲಿ ಕಾಪಿ ಬರೆಸಬೇಡಿ. ಅವಳು ಬರೆದ ಚಿತ್ರದ ಕಥೆಯನ್ನು ತುಳುವಿನಲ್ಲೇ ಹೇಳಿಸಿ, ಅದರ ಒಂದು ವಾಕ್ಯವನ್ನು ಚಿತ್ರದ ಕೆಳಗೆ ಕನ್ನಡದಲ್ಲಿ ಬರೆದು, ಬೆರಳಿಟ್ಟು ಜೊತೆಯಾಗಿ ಓದಿ. ಎರಡನೆಯ ತರಗತಿ ಮುಗಿಯುತ್ತ ಬಂದರೂ ಸರಳ ಪದಗಳನ್ನು ಓದಲು ಅವಳಿಗೆ ಕಷ್ಟವಾಗುತ್ತಿದ್ದರೆ, ಕಾಯದೆ ಟೀಚರನ್ನು ಕಂಡು ಮಾತನಾಡಿ.