ಪಿಟೀಲು ಕಲಿಸುವವರಲ್ಲಿ ಏನು ನೋಡಬೇಕು?

ಪ್ರಶ್ನೆ: ಎಂಟು ವರ್ಷದ ಮಗಳಿಗೆ ಪಿಟೀಲು ಕಲಿಯುವ ಆಸೆ. ಉಡುಪಿಯಲ್ಲಿ ನಮ್ಮ ಮನೆಯ ಹತ್ತಿರ ಇಬ್ಬರು ಪಾಠ ಹೇಳುತ್ತಾರೆ. ಒಬ್ಬರು ಕರ್ನಾಟಕ ಸಂಗೀತದಲ್ಲಿ ವಿದ್ವತ್ ಪರೀಕ್ಷೆ ಆದವರು, ಕಛೇರಿಗಳಿಗೆ ಪಕ್ಕವಾದ್ಯ ನುಡಿಸುತ್ತಾರೆ. ಇನ್ನೊಬ್ಬರು ಚರ್ಚಿನಲ್ಲಿ ನುಡಿಸುವವರು, ಪಾಶ್ಚಾತ್ಯ ಗ್ರೇಡ್ ಪರೀಕ್ಷೆಗೆ ತಯಾರು ಮಾಡುತ್ತಾರೆ. ಯಾರಲ್ಲಿಗೆ ಕಳಿಸಲಿ? ಪಿಟೀಲು ಈಗಲೇ ಕೊಳ್ಳಲೇ?

ಉತ್ತರ: ಮಗಳು ಯಾವ ಸಂಗೀತಕ್ಕೆ ಕಿವಿಗೊಟ್ಟು ಕೂರುತ್ತಾಳೋ ಅದನ್ನೇ ಹಿಡಿಯಿರಿ. ವಾದ್ಯ ಒಂದೇ ಆದರೂ ಉಳಿದದ್ದೆಲ್ಲ ಬೇರೆ. ಕರ್ನಾಟಕ ಪದ್ಧತಿಯಲ್ಲಿ ನೆಲದ ಮೇಲೆ ಕುಳಿತು ಪಿಟೀಲಿನ ತಲೆಯನ್ನು ಬಲಪಾದಕ್ಕೆ ಆನಿಸುತ್ತಾರೆ, ತಂತಿಗಳ ಶ್ರುತಿ ಸ-ಪ-ಸ-ಪ. ಭಾರವನ್ನು ಪಾದ ಹೊರುವುದರಿಂದ ಎಡಗೈ ಗಮಕಕ್ಕೆ, ಅಂದರೆ ಸ್ವರವನ್ನು ತೂಗಿ ಜಾರಿಸಿ ನುಡಿಸುವುದಕ್ಕೆ, ಸಲೀಸಾಗಿ ಜಾರುತ್ತದೆ. ಪಾಶ್ಚಾತ್ಯ ಪದ್ಧತಿಯಲ್ಲಿ ಗಲ್ಲದಡಿ ಹಿಡಿಯುತ್ತಾರೆ, ತಂತಿಗಳ ಶ್ರುತಿ ಜಿ-ಡಿ-ಎ-ಇ. ಎರಡನ್ನೂ ಒಟ್ಟಿಗೆ ಶುರು ಮಾಡಬೇಡಿ, ಎಳೆಯ ಕೈ ಗೊಂದಲಕ್ಕೆ ಬೀಳುತ್ತದೆ.

ವಿದ್ವತ್ತಿನಿಂದ ಅವರು ಎಷ್ಟು ಕಲಿತಿದ್ದಾರೆಂದು ತಿಳಿಯುತ್ತದೆ, ಹೇಗೆ ಕಲಿಸುತ್ತಾರೆಂದಲ್ಲ. ಗ್ರೇಡ್ ಸರ್ಟಿಫಿಕೇಟಿಗೂ ಇದೇ ಮಾತು. ಅದಕ್ಕೇ ಕೇಳಿಕೊಂಡು ಒಂದು ದಿನ ಬೇರೆ ಮಕ್ಕಳ ಪಾಠದಲ್ಲಿ ಕುಳಿತು ನೋಡಿ. ಪಾಠಕ್ಕೆ ಮುಂಚೆ ಮಗುವಿನ ಪಿಟೀಲನ್ನು ಶ್ರುತಿ ಮಾಡಿಕೊಡುತ್ತಾರೆಯೇ? ಹೊಸಬರಿಗೆ ಬೆರಳಿಡದೆ ಬರೀ ತಂತಿಯ ಮೇಲೆ ಉದ್ದ ಕಮಾನು ಎಳೆಸುತ್ತಾರೆಯೇ? ಮೊಣಕೈ ಹಿಂದಕ್ಕೆ ಸರಿದರೆ ಕಮಾನು ಓರೆಯಾಗಿ ಕುದುರೆಯಿಂದ (ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು) ದೂರ ಜಾರಿ ನಾದ ತೆಳ್ಳಗಾಗುತ್ತದೆ. ಅದನ್ನು ಕಂಡ ಕೂಡಲೇ ಕೈ ಹಿಡಿದು ತಿದ್ದುವವರು ಬೇಕು.

ಕರ್ನಾಟಕ ಪಾಠವಾದರೆ ಸರಳೆ ವರಸೆಯ, ಅಂದರೆ ಮೊದಲ ಸ್ವರಪಾಠಗಳ, ಗಾಂಧಾರವನ್ನು (ಗ) ಗಮನಿಸಿ. ಈ ಪಾಠಗಳ ರಾಗವಾದ ಮಾಯಾಮಾಳವಗೌಳದಲ್ಲಿ ರಿ ಮತ್ತು ಗ ನಡುವೆ ಮೂರು ಸ್ವರಸ್ಥಾನಗಳ ದೂರ, ಗ-ಮ ನಡುವೆ ಒಂದೇ. ಪುಟ್ಟ ಬೆರಳುಗಳು ಅಷ್ಟು ಅಗಲಲಾರದೆ ಗ ಶ್ರುತಿಗಿಂತ ಕೆಳಗೆ ಇಳಿಯುತ್ತದೆ, ಹಿಂದೆಯೇ ಮ ಕೂಡ. 'ತಪ್ಪು, ಇನ್ನೊಮ್ಮೆ' ಎಂದಷ್ಟೇ ಹೇಳಿದರೆ ಮಗು ಅದೇ ತಪ್ಪನ್ನು ಗಟ್ಟಿ ಮಾಡಿಕೊಳ್ಳುತ್ತದೆ. ತಂಬೂರಿಯ ಜೊತೆ ಗ ಹಾಡಿಸಿ, ಉಂಗುರಬೆರಳಲ್ಲಿ ಮ ಹಿಡಿಸಿ, ನಡುಬೆರಳನ್ನು ಅದಕ್ಕೆ ತಾಗಿಸಿ ಇಡಿಸಿದರೆ ಗ ತನ್ನ ಜಾಗಕ್ಕೆ ಬರುತ್ತದೆ. ಹೀಗೆ ಹಾಡಿಸಿ ನುಡಿಸುವವರು ಸಿಕ್ಕರೆ ಬಿಡಬೇಡಿ. ಬೆರಳಿನ ಜಾಗಕ್ಕೆ ಸ್ಟಿಕ್ಕರ್ ಅಂಟಿಸಿದ್ದರೆ ತಪ್ಪೇನಿಲ್ಲ, ಕೆಲವು ತಿಂಗಳಲ್ಲಿ ಕೀಳಬೇಕಷ್ಟೆ. ವರ್ಷ ಕಳೆದರೂ ಉಳಿದಿದ್ದರೆ ಮಗು ಕಿವಿಯ ಬದಲು ಕಣ್ಣಿನಿಂದ ನುಡಿಸುತ್ತಿದೆ ಎಂದರ್ಥ.

ವಾರಕ್ಕೆ ಎರಡು ಪಾಠ, ದಿನಕ್ಕೆ 15-20 ನಿಮಿಷ ಅಭ್ಯಾಸ, ಈ ವಯಸ್ಸಿಗೆ ಸಾಕು.

ಪಿಟೀಲನ್ನು ಕಲಿಸುವವರು ಅಳತೆ ನೋಡಿದ ಮೇಲೆಯೇ ಕೊಳ್ಳಿ. ಕೈ ಚಾಚಿಸಿ ಕುತ್ತಿಗೆಯಿಂದ ಅಂಗೈ ನಡುವಿನವರೆಗೆ ಅಳೆದಾಗ ಸುಮಾರು 20 ಇಂಚು ಇದ್ದರೆ ಅರ್ಧ ಅಳತೆ, 22 ಇದ್ದರೆ ಮುಕ್ಕಾಲು, 23 ದಾಟಿದರೆ ಪೂರ್ತಿ. ಮುಂದಕ್ಕೂ ಆಗಲಿ ಎಂದು ದೊಡ್ಡದು ತಂದರೆ ಬೆರಳು ಸ್ವರಕ್ಕೆ ಎಟುಕದೆ ಮಣಿಕಟ್ಟು ಮಡಿಯುತ್ತದೆ, ಆಮೇಲೆ ಆ ಅಭ್ಯಾಸ ಬಿಡಿಸುವುದು ಬಹಳ ಕಷ್ಟ.

ನಮ್ಮ ಕರಾವಳಿಯ ಮಳೆಗಾಲದಲ್ಲಿ ತಂತಿ ಬಿಗಿಸುವ ಮರದ ಬಿರಡೆಗಳು ಉಬ್ಬಿ ಕಚ್ಚಿಕೊಳ್ಳುತ್ತವೆ. ಬಲವಂತವಾಗಿ ತಿರುಗಿಸಿದರೆ ಮುರಿಯುತ್ತವೆ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇರಲಿ, ನುಡಿಸಿದ ಮೇಲೆ ತಂತಿಯ ಬೆವರು ಒರೆಸಿ. ತೇವಕ್ಕೆ ಕಮಾನಿನ ಕೂದಲೂ ಸಡಿಲಾಗುತ್ತದೆ. ಆಗ ಬಿಗಿ ಮಾಡಿ ಹಾಗೆಯೇ ಇಟ್ಟರೆ ಬಿಸಿಲು ಬಂದಾಗ ಕೂದಲು ಬಿಗಿದು ಕೋಲೇ ಸೊಟ್ಟಗಾಗುತ್ತದೆ. ಪ್ರತಿ ಸಲ ನುಡಿಸಿದ ಮೇಲೆ ಕಮಾನಿನ ತಿರುಪು ಸಡಿಲಿಸುವುದನ್ನು ಮಗಳಿಗೆ ಮೊದಲ ದಿನದಿಂದಲೇ ರೂಢಿ ಮಾಡಿಸಿ.